ಮದುವೆ ಮನೆಯ ಪಕ್ಕದ ವಿಭಾಗ

ಬ್ಲಾಗ್ ಬರೆಯುವುದನ್ನು ನಮ್ಮ ಮನೆಯಲ್ಲಿ ಯಾರೂ ಕೆಲಸ ಎಂದು ಕರೆಯಲಿಲ್ಲ. ಹಾಗಾಗಿ ಬಿಟ್ಟಾಗ ಅದನ್ನು ನಿವೃತ್ತಿ ಎಂದೂ ಕರೆಯಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಪರದೆ ನೋಡಿದರೆ ತಲೆ ಸಿಡಿಯುತ್ತಿತ್ತು, ನಿಲ್ಲಿಸಿದೆ. ಅವತ್ತು ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಇನ್ಮೇಲೆ ಸಾರು ಸೀಯಲ್ಲ ಬಿಡು" ಅಂದರು. ಬೀಳ್ಕೊಡುಗೆ ಭಾಷಣ ಅಂತ ಆಗಿದ್ದು ಅದೊಂದೇ.

ಈಚೆಗೆ ಹಿರಿಯೂರು ಕಡೆಯ ಕೆಲವು ಹೆಣ್ಣುಮಕ್ಕಳು ಹೊಸದಾಗಿ ಬ್ಲಾಗ್ ಶುರು ಮಾಡಿದ್ದಾರೆ. ಏನೇನು ಕಲಿಯಬೇಕು ಎಂದು ನನ್ನನ್ನು ಕೇಳಿದರು. ಬರೆಯುವುದು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಫೋಟೋ ಅಂತೂ ಕೇಳಲೇಬೇಡಿ. ಬರೆದಿದ್ದನ್ನು ಎಲ್ಲಿಡಬೇಕು, ಬೇಕಾದವರ ಕೈಗೆ ಅದು ಹೇಗೆ ಸಿಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೇ. ಅದರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ.

ನಾನು ಓದಿದ್ದು ಚಿತ್ರದುರ್ಗದಲ್ಲೇ, ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆ ತರಗತಿಯ ಬೀರುವಿನ ಪ್ರತಿ ಅರೆಗೂ ಒಂದು ಚೀಟಿ ಅಂಟಿಸಿರುತ್ತಿತ್ತು: ಸೂಜಿ, ದಾರ, ಗುಂಡಿ, ಚೂರುಬಟ್ಟೆ. ದಾರದ ಉಂಡೆ ಗುಂಡಿಯ ಅರೆಯಲ್ಲಿ ಸಿಕ್ಕರೆ ಸಿಸ್ಟರ್ ಬೈಯುತ್ತಿರಲಿಲ್ಲ, ನಮ್ಮನ್ನೇ ನೋಡುತ್ತಾ ಸುಮ್ಮನೆ ನಿಲ್ಲುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು. ಬ್ಲಾಗಿನಲ್ಲಿ ಬರಹಗಳು ಸೇರುತ್ತಾ ಹೋದಾಗ ನಾನು ಅದೇ ಬೀರುವನ್ನು ಕಟ್ಟಲು ಹೊರಟೆ. ಆಹಾರ, ಆರೋಗ್ಯ, ಗೃಹಾಲಂಕಾರ, ಸಂಸ್ಕೃತಿ, ಚಿಂತನೆ, ಕೊನೆಗೆ ಇತರೆ. ಪುಟದ ನೆತ್ತಿಯ ಮೇಲೆ ಸಾಲಾಗಿ ಕೂತಾಗ ನೋಡಲು ಚೆನ್ನಾಗಿತ್ತು.

ಹೊಸದುರ್ಗದಿಂದ ಫೋನ್ ಬಂತು. ಅಲ್ಲಿರುವುದು ನಮ್ಮ ಯಜಮಾನರ ಅಕ್ಕ, ಗೌರಕ್ಕ. ನನ್ನ ಈ ಕೆಲಸಕ್ಕೆ ಮೇಲಧಿಕಾರಿ ಅಂತ ಯಾರಾದರೂ ಇದ್ದರೆ ಅದು ಅವರೇ. ಪ್ರತಿಯೊಂದು ಬರಹವನ್ನೂ ಓದುತ್ತಾರೆ, ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಿದವರಲ್ಲ.

"ಲಲಿತಾ, ಜಿರಳೆ ಓಡ್ಸದು ಹೆಂಗೆ ಅಂತ ಬರ್ದಿದ್ಯಲ್ಲ, ಎಲ್ಲೈತೆ ಅದು?"

"ಚಿಂತನೆಯಲ್ಲಿದೆ ಅಕ್ಕ."

"ಜಿರಳೆ ಬಗ್ಗೆ ಏನೇ ಚಿಂತನೆ ಮಾಡ್ತೀಯ? ಹೊಡ್ದು ಆಚೆಗೆ ಹಾಕದಪ್ಪ."

ನಾನು ಅದನ್ನು ಗೃಹಾಲಂಕಾರಕ್ಕೆ ಹಾಕುತ್ತೇನೆ ಎಂದೆ. ಗೌರಕ್ಕ ಹೇಳಿದರು, "ನೋಡು, ನಮ್ಮ ಹೆಂಗಸ್ರು ಯಾರೂ ಆಹಾರ ಹುಡುಕಲ್ಲ. ಬೀಗರು ಬಂದು ಕುಂತವ್ರೆ, ಮನೇಲಿ ತರಕಾರಿ ಇಲ್ಲ, ಏನ್ ಮಾಡ್ಲಿ ಅಂತ ಹುಡುಕ್ತಾರೆ. ನಿನ್ ಬೀರು ನಿಂಗೆ ಚಂದ. ಬೇರೆಯೋರ ಮನೇಲಿ ಏನ್ ನಡೀತೈತೆ ಅಂತ ನೋಡ್ಕಂಡು ಇಡು."

ಅವರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಎಲ್ಲವನ್ನೂ ಕೆಳಗಿಳಿಸಿ ಮತ್ತೆ ಜೋಡಿಸಿದೆ. ದಿನದ ಅಡುಗೆ, ನೆಂಟರು ಬಂದಾಗ, ಮಕ್ಕಳ ಪರೀಕ್ಷೆ, ಬಾಣಂತಿ ಮನೆ, ಮದುವೆ ಮನೆ, ಸಾವಿನ ಮನೆ. ಹಳೆಯ ಇತರೆಯೂ ಕೊನೆಯಲ್ಲಿ ಉಳಿದುಕೊಂಡಿತು. ಅದನ್ನು ತೆಗೆಯುವ ಧೈರ್ಯ ಯಾವ ಬ್ಲಾಗಿನವರಿಗೂ ಇರುವುದಿಲ್ಲ.

ಹೀಗೆ ಜೋಡಿಸುವ ಉತ್ಸಾಹದಲ್ಲಿ ಇನ್ನೊಂದು ಎಡವಟ್ಟಾಯಿತು. ವಿಭಾಗದ ಜೊತೆಗೆ ಕೆಲವು ಬರಹಗಳ ವಿಳಾಸವನ್ನೂ ಬದಲಾಯಿಸಿಬಿಟ್ಟೆ. ನಮ್ಮ ಓದುಗರು ಬಾಗಿಲಿನಿಂದ ಬರುವವರಲ್ಲ, ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಕೊಂಡಿ ಒತ್ತಿ ನೇರವಾಗಿ ಅಡುಗೆಮನೆಗೆ ಇಳಿಯುವವರು. ಅಂಟಿನುಂಡೆಯ ಹಳೆಯ ಕೊಂಡಿ ಎಷ್ಟು ಬಾಣಂತಿಯರ ಅಮ್ಮಂದಿರ ಫೋನಿನಲ್ಲಿತ್ತೋ, ಅಷ್ಟೂ ಜನರಿಗೆ "ಈ ಪುಟ ಇಲ್ಲ" ಎಂದು ಬಂತು. ಮನೆಯ ಹೆಸರು ಬದಲಾಯಿಸಿ, ಬಣ್ಣ ಬದಲಾಯಿಸಿ, ಬೀದಿ ಮಾತ್ರ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಹಳೆಯ ಬೀದಿಯಲ್ಲಿ ಹೊಸದಕ್ಕೆ ದಾರಿ ತೋರಿಸುವ ಏರ್ಪಾಡು ಮಾಡಿ. ನಾನು ಅದನ್ನು ಕಲಿತದ್ದು ಎಲ್ಲ ಆದಮೇಲೆ.

ಫೋನಿನಲ್ಲಿ ತೆರೆದರೆ ವಿಭಾಗಗಳ ಸಾಲು ಮಡಚಿಕೊಂಡು ಮೂರು ಗೆರೆಗಳ ಹಿಂದೆ ಅಡಗುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ನಾನು ಕಂಪ್ಯೂಟರಿನಲ್ಲಿ ನೋಡಿ ಹಿಗ್ಗುತ್ತಿದ್ದೆ. ಐಮಂಗಲದ ಹೈವೇ ಪಕ್ಕ ತಿಂಡಿ ಅಂಗಡಿ ಇಟ್ಟಿರುವ ಒಬ್ಬಾಕೆ ಯಾರದೋ ಗೃಹಪ್ರವೇಶದಲ್ಲಿ ಸಿಕ್ಕಾಗ, "ಆ ಮೂರು ಗೆರೆ ಒತ್ತದಾ? ನಾನು ನನ್ ಫೋನಿನ ಗ್ಲಾಸ್ ಒಡ್ದೈತೆ ಅನ್ಕಂಡಿದ್ದೆ ಕಣ್ರಿ" ಅಂದಳು. ಮನೆಗೆ ಬಂದು ಗೆರೆಗಳ ಪಕ್ಕ "ಒಳಗೆ ಏನೇನಿದೆ" ಎಂದು ಅಕ್ಷರದಲ್ಲೇ ಬರೆದೆ. ಪ್ರತಿ ಬರಹದ ಕೆಳಗೆ ಅದಕ್ಕೆ ಹೊಂದುವ ಬೇರೆ ಬರಹಗಳು ಕಾಣುವಂತೆ "ಇದನ್ನೂ ಓದಿ" ಎಂಬ ಪೆಟ್ಟಿಗೆ ಕೂರಿಸಿದೆ. ಪೆಟ್ಟಿಗೆ ತಾನಾಗಿಯೇ ಆರಿಸಿಕೊಳ್ಳುತ್ತದೆ, ನಾವೇನೂ ಮಾಡಬೇಕಿಲ್ಲ. ಅದರ ಕೆಳಗೆ "ಮತ್ತೆ ಬನ್ನಿ, ಅಕ್ಕಪಕ್ಕದವರಿಗೂ ಹೇಳಿ" ಎಂಬ ಸಾಲು.

ಇಲ್ಲಿಂದ ನನ್ನ ಚಿಂತೆ ಶುರು.

ಸಾವಿನ ಮನೆ ಎಂಬ ವಿಭಾಗದಲ್ಲಿ ಇದ್ದದ್ದು ಒಂದೇ ಉದ್ದನೆಯ ಬರಹ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರೋ ನೆರೆಯವರೋ ಬೇಯಿಸಿ ಒಯ್ಯಬೇಕು. ಒಗ್ಗರಣೆ ಇಲ್ಲದ ಬೇಳೆ, ಅನ್ನ, ಮಜ್ಜಿಗೆ. ಬೇರೆ ದಿನ ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಆ ಮನೆಯಿಂದ ಮಾತ್ರ ಬರಿದಾಗಿಯೇ ಬರಬೇಕು. ಹೊರಡುವಾಗ "ಬರ್ತೀನಿ" ಅನ್ನಬಾರದು, ಸುಮ್ಮನೆ ಎದ್ದು ಬರಬೇಕು. ಇಂಥವೆಲ್ಲ. ಹೊಸದಾಗಿ ಮದುವೆಯಾದ ಹುಡುಗಿಯರಿಗೆ ಉಪಯೋಗ ಅಂತ ಬರೆದಿದ್ದೆ.

ಗೌರಕ್ಕನ ಮೊಮ್ಮಗಳ ಮದುವೆ ಬಂತು. ಚಪ್ಪರದ ದಿನ ಹೆಂಗಸರೆಲ್ಲ ಕೂತು, ನಾನು ಬರೆದ ಚಪ್ಪರದ ಶಾಸ್ತ್ರವನ್ನು ಫೋನಿನಲ್ಲಿ ಜೋರಾಗಿ ಓದಿಸುತ್ತಿದ್ದರಂತೆ. ಹಂದರಗಂಬ, ಮಾವಿನ ಸೊಪ್ಪು, ಎಲ್ಲ ಆಯಿತು. ಓದುತ್ತಿದ್ದ ಹುಡುಗಿ ನಿಲ್ಲಿಸದೆ ಕೆಳಗೆ ಬಂದಳು: ಇದನ್ನೂ ಓದಿ, ಸಾವಿನ ಮನೆಗೆ ಒಯ್ಯುವ ಅಡುಗೆ.

ಗೌರಕ್ಕ ನೀರೊಲೆಯ ಹತ್ತಿರ ಹೋಗಿ ನಿಂತು ಫೋನ್ ಮಾಡಿದರು. ದನಿ ಏರಿಸಲಿಲ್ಲ.

"ಬೀಗರ ಕಡೆಯೋರೂ ಕುಂತಿದ್ರು. ಗಂಡಿನ ಅಮ್ಮ ಸೆರಗು ಬಾಯಿಗಿಟ್ಕಂಡ್ಲು."

"ಅಕ್ಕ, ಅದು ತಾನಾಗಿಯೇ..."

"ಮದುವೆ ಮನೆ ಪಕ್ಕದಾಗೇ ಸಾವಿನ ಮನೆ ಇಟ್ಟಿದ್ದು ತಾನಾಗೇನಾ? ತೆಗಿ ಅದ್ನ. ಈಗ್ಲೇ ತೆಗಿ."

ಆ ವಿಭಾಗವನ್ನೇ ಅಳಿಸಿ, ಬರಹವನ್ನು ಇತರೆಯೊಳಗೆ ತಳ್ಳಿದೆ. ಅಲ್ಲಿ ಅದರ ಮೇಲೆ ಮೇಣದ ಕಲೆ ತೆಗೆಯುವುದು, ಕೆಳಗೆ ಹಳೆಯ ಸೀರೆಯಿಂದ ಕೌದಿ. ಮದುವೆ ಚೆನ್ನಾಗಿಯೇ ಆಯಿತು. ಆದರೂ ಆ ಮೊಮ್ಮಗಳಿಗೆ ಒಂದು ಜ್ವರ ಬಂತೆಂದು ಕೇಳಿದರೂ ಬಹಳ ದಿನ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಕೆಲವು ತಿಂಗಳ ನಂತರ, ಹೋಳಿಗೆಯ ಬರಹದ ಕೆಳಗೆ ಒಂದು ಮಾತು ಬಂದಿತ್ತು. "ಮೇಡಂ, ಮೊದಲು ಸಾವಿನ ಮನೆ ಅಂತ ಒಂದು ಇತ್ತಲ್ಲ, ಈಗ ಎಲ್ಲಿ ಹುಡುಕಿದರೂ ಕಾಣುತ್ತಿಲ್ಲ. ಬೇಗ ಬೇಕಿತ್ತು. ಸವಿತಾ, ಚಿಕ್ಕಜಾಜೂರು."

ಬರೆದದ್ದು ಹಿಂದಿನ ದಿನ. ನಾನು ನೋಡಿದ್ದು ಮರುದಿನ ಬೆಳಿಗ್ಗೆ, ಸೊಪ್ಪು ಬಿಡಿಸಿಟ್ಟು ಕೂತಾಗ. ಬೇಗ ಎಂಬ ಮಾತಿನಲ್ಲೇ ಕಣ್ಣು ನಿಂತಿತು. ಯಾರು ಹೋದರೋ, ಎಷ್ಟು ವಯಸ್ಸಿನವರೋ. ಆ ಮನೆಯಲ್ಲಿ ಆಕೆ ಒಂದು ಕೈಯಲ್ಲಿ ಫೋನ್ ಹಿಡಿದು ಹೋಳಿಗೆ, ಚಿರೋಟಿಗಳ ನಡುವೆ ಹುಡುಕುತ್ತಿದ್ದ ಚಿತ್ರ ಕಣ್ಣಿಗೆ ಕಟ್ಟಿತು. ಕೊಂಡಿಯನ್ನೂ ನನ್ನ ಫೋನ್ ನಂಬರನ್ನೂ ಅಲ್ಲೇ ಕೆಳಗೆ ಬರೆದೆ. ಬರೆದ ಮೇಲೆ ಹೊಳೆಯಿತು, ಆಕೆ ಮತ್ತೆ ಹೋಳಿಗೆಯ ಪುಟಕ್ಕೆ ಯಾಕೆ ಬರುತ್ತಾಳೆ? ಹುಡುಕುವವರು ತಾವು ನಿಂತಲ್ಲೇ ಕೇಳುತ್ತಾರೆ, ಕೇಳಿ ಮುಂದೆ ಹೋಗುತ್ತಾರೆ. ಉತ್ತರ ಹಿಂದೆಯೇ ಉಳಿಯುತ್ತದೆ.

ಮಧ್ಯಾಹ್ನದವರೆಗೂ ಅದನ್ನೇ ಯೋಚಿಸಿ, ಕೊನೆಗೆ ಬ್ಲಾಗಿನ ಮೊದಲ ಪುಟದ ನೆತ್ತಿಯ ಮೇಲೆ "ಸವಿತಾ ಅವರೇ, ನೀವು ಹುಡುಕಿದ್ದು ಇಲ್ಲಿದೆ" ಎಂದು ದಪ್ಪಕ್ಷರದಲ್ಲಿ, ಕೊಂಡಿ ಮತ್ತು ನನ್ನ ನಂಬರಿನ ಜೊತೆ ಹಾಕಿದೆ. ಏನೆಂದು ಹೇಳಲಿಲ್ಲ. ಗೌರಕ್ಕ ನೋಡಿದರೆ ಎಂಬ ಭಯ ಒಂದು ಕಡೆ, ಸವಿತಾ ನೋಡದಿದ್ದರೆ ಎಂಬ ಭಯ ಇನ್ನೊಂದು ಕಡೆ. ಯಜಮಾನರು ಎರಡು ಸಲ ಕಾಫಿ ಕೇಳಿದರಂತೆ, ನನಗೆ ಕೇಳಿಸಲೇ ಇಲ್ಲ.

ಸಂಜೆ ದೀಪ ಹಚ್ಚುವ ಮೊದಲು ಫೋನ್ ಬಂತು.

"ಆಂಟಿ, ನಾನು ಸವಿತಾ. ಸಿಕ್ತು."

"ಯಾರಮ್ಮ, ಯಾರಿಗೆ..." ಎಂದು ತಡವರಿಸಿದೆ.

"ಇನ್ನೂ ಏನೂ ಆಗಿಲ್ಲ ಆಂಟಿ. ನಮ್ಮತ್ತೆ. ಡಾಕ್ಟ್ರು ಮನೆಗೆ ಕರ್ಕಂಡು ಹೋಗ್ರಿ ಅಂದ್ಬಿಟ್ರು."

ನಿಧಾನವಾಗಿ ಎಲ್ಲ ಹೇಳಿದಳು. ಗಂಡನಿಗೆ ರೈಲ್ವೆಯಲ್ಲಿ ಹಳಿ ನೋಡುವ ಕೆಲಸ, ಹೋದರೆ ಯಾವಾಗ ಬರುತ್ತಾನೋ ಹೇಳಲಾಗದು. ಸವಿತಾಳಿಗೆ ತಾಯಿಯಿಲ್ಲ, ಹಾಸ್ಟೆಲುಗಳಲ್ಲಿ ಓದಿ ಬೆಳೆದವಳು. ರೈಲ್ವೆ ಕ್ವಾರ್ಟರ್ಸಿನ ಅಕ್ಕಪಕ್ಕದವರು ಒಳ್ಳೆಯವರು, ಆದರೆ ಒಬ್ಬರು ಆಂಧ್ರದವರು, ಒಬ್ಬರು ಬಿಹಾರದವರು.

"ಮೊದ್ಲು ಯಾರಿಗೆ ಫೋನ್ ಮಾಡ್ಬೇಕು ಅಂತಾನೂ ಗೊತ್ತಿಲ್ಲ ಆಂಟಿ ನಂಗೆ. ಅವ್ರ ಕಡೆಯೋರು ಬಂದು, ಸೊಸಿಗೆ ಏನೂ ಬರಲ್ಲ, ಅನಾಥ ಹೆಣ ಎತ್ತಿದಂಗೆ ಎತ್ತಿದ್ರು ಅಂದ್ರೆ... ನಂಗೆ ಅನ್ಲಿ ಬಿಡ್ರಿ. ನಮ್ಮತ್ತೆಗೆ ಹಂಗಾಗ್ಬಾರ್ದು. ನಂಗೆ ಅಮ್ಮ ಅಂದ್ರೆ ಅವ್ರೇ."

ಹಿಂದಿನಿಂದ ಒಂದು ಕ್ಷೀಣ ದನಿ, "ಕೊಡಿಲ್ಲಿ" ಅಂದಿತು.

"ನಾನು ರುದ್ರಮ್ಮ ಕಣ್ ತಾಯಿ, ಇವಳತ್ತೆ. ಗಾಬರಿ ಆಗಬ್ಯಾಡ, ನಾನಿನ್ನೂ ಇದೀನಿ. ನಾನೇ ಹುಡುಕೇ ಅಂದಿದ್ದು. ನಾನು ಬಾಯಿ ಬಿಟ್ಟು ಹೇಳಿದ್ರೆ ಇವ್ಳು ಅಳ್ತಾಳೆ, ಕೇಳಿಸ್ಕಳಲ್ಲ. ಅದ್ರಾಗೆ ಬರ್ದಿದ್ರೆ ಅಳ್ದಂಗೆ ಓದ್ತಾಳೆ. ಓದಿದ್ರೆ ತಪ್ಪು ಒಪ್ಪು ನಾನು ಹೇಳ್ಬೋದು."

ಸೊಸೆ ಓದಿದಳಂತೆ. ತಪ್ಪೂ ಸಿಕ್ಕಿತ್ತು. "ತವರಿನ ಸೀರೆ ಬರ್ದಿಲ್ಲ ನೀನು. ಹೆಣ್ಣುಮಗಳು ಹೋದ್ರೆ ತವರಿಂದ ಸೀರೆ ಬರೋಗಂಟ ಎತ್ತಂಗಿಲ್ಲ. ಹಾಲುರಾಮೇಶ್ವರದ ಹತ್ರ ನನ್ ತಮ್ಮ ಅವ್ನೆ. ಮೊದ್ಲು ಅವನಿಗೆ ಹೇಳ್ಬೇಕು, ಆಮೇಲೆ ಊರಿಗೆ."

ನಾನು ಬರೆದುಕೊಂಡೆ. ಇದನ್ನು ಮತ್ತೆ ಎಲ್ಲರಿಗೂ ಕಾಣುವ ಹಾಗೆ ಇಡಬೇಕು, ಏನೆಂದು ಹೆಸರಿಡಲಿ ಎಂದು ಕೇಳಿದೆ. ಸಾಯುತ್ತಿರುವವರನ್ನು ಕೇಳುವ ಮಾತೇ ಅದು ಎಂದು ಕೇಳಿದ ಮೇಲೆ ಅನ್ನಿಸಿತು.

ಆಕೆ ನಕ್ಕ ಹಾಗಾಯಿತು, ಕೆಮ್ಮೂ ಇರಬಹುದು. "ಸಾವು ಗೀವು ಅಂತ ಬರೀಬ್ಯಾಡ. ಹೆಚ್ಚು ಕಮ್ಮಿ ಆದಾಗ ಅಂತ ಬರಿ. ತಿಳ್ಯೋರಿಗೆ ತಿಳೀತೈತೆ, ಯಾರೂ ಬೆಚ್ಚಲ್ಲ."

ಹೆಸರೇನೋ ಸಿಕ್ಕಿತು. ಎಲ್ಲಿಡಬೇಕೆಂಬುದು ಉಳಿದಿತ್ತು, ಅದಕ್ಕೆ ಗೌರಕ್ಕನ ಒಪ್ಪಿಗೆ ಬೇಕಿತ್ತು. ಹೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಫೋನ್ ಮಾಡಿದೆ. ಚಿಕ್ಕಜಾಜೂರಿನ ಹುಡುಗಿಯ ವಿಷಯವನ್ನೆಲ್ಲ ಹೇಳಿದೆ.

"ನಮ್ಮ ದೇವ್ರ ಗೂಡಿನಾಗೆ ಕಾಶಿ ಗಂಗೆ ಗಿಂಡಿ ಐತಲ್ಲ, ಎಲ್ಲಿಟ್ಟೀನಿ ನಾನು?" ಅಂದರು ಕೊನೆಗೆ.

"ಹಿಂದೆ, ಮೂಲೆಯಲ್ಲಿ."

"ಮುಂದೆ ಇಟ್ರೆ ದಿನಾ ನೋಡಕ್ಕಾಗಲ್ಲ. ಅಟ್ಟದ ಮೇಲಿಟ್ರೆ ಬೇಕಾದಾಗ ಏಣಿ ಹುಡುಕ್ಬೇಕು. ಅಂಥಾ ಜಾಗ ಮಾಡು."

ಸರಿ, ಅಂಥ ಜಾಗ ಮಾಡಿದೆ. ಮೇಲಿನ ಸಾಲಿನಲ್ಲಲ್ಲ, ಪ್ರತಿ ಪುಟದ ತಳದಲ್ಲಿ, ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ಖಾಲಿ ಬಿಟ್ಟು ಒಂಟಿಯಾಗಿ: ಹೆಚ್ಚು ಕಮ್ಮಿ ಆದಾಗ. ಬ್ಲಾಗಿನಲ್ಲಿ ಎಲ್ಲಿದ್ದರೂ ಕೆಳಗೆ ಇಳಿದರೆ ಸಿಗುತ್ತದೆ. ಉದ್ದನೆಯ ಬರಹವನ್ನು ತುಂಡು ಮಾಡಿದೆ. ಮೊದಲು ಯಾರಿಗೆ ಹೇಳುವುದು, ಆ ದಿನ, ಮೂರನೆಯ ದಿನದ ಹಾಲುತುಪ್ಪ, ತಿಥಿಯವರೆಗೆ. ಅಳುತ್ತಿರುವವರು ಉದ್ದ ಓದಲಾರರು. ಒಂದೊಂದು ಪುಟದ ಕೊನೆಗೆ "ಮುಂದೆ" ಎಂಬ ಒಂದೇ ಕೊಂಡಿ. ಈ ಪುಟಗಳಿಂದ ಇದನ್ನೂ ಓದಿ ಎಂಬ ಪೆಟ್ಟಿಗೆಯನ್ನು ಕಿತ್ತುಹಾಕಿದೆ. ಆಗ ಕಣ್ಣಿಗೆ ಬಿತ್ತು, ಇಷ್ಟು ದಿನ ಆ ಬರಹದ ಕೆಳಗೂ "ಮತ್ತೆ ಬನ್ನಿ" ಎಂದಿತ್ತು. ಯಾರ್ಯಾರು ಯಾವ ಸ್ಥಿತಿಯಲ್ಲಿ ಅದನ್ನು ಓದಿದರೋ. ಎಲ್ಲ ಪುಟಕ್ಕೂ ಒಂದೇ ಅಡಿಬರಹ ಹಾಕುವಾಗ ನೀವಾದರೂ ನೆನಪಿಟ್ಟುಕೊಳ್ಳಿ.

ಬ್ಲಾಗಿನವರಿಗೆ ಒಂದು ಚಟ ಇರುತ್ತದೆ, ಯಾವ ಪುಟವನ್ನು ಎಷ್ಟು ಜನ ಓದಿದರು ಎಂದು ನೋಡುವುದು. ಸಂಖ್ಯೆ ಏರಿದರೆ ಖುಷಿ. ನಾನು ಈ ನಾಲ್ಕು ಪುಟಗಳನ್ನು ಮಾತ್ರ ಉಲ್ಟಾ ನೋಡುತ್ತಿದ್ದೆ. ಬೆಳಿಗ್ಗೆ ಎದ್ದು ಹಾಲು ಕಾಯಿಸುವ ಮೊದಲು ತೆರೆಯುವುದು, ಸೊನ್ನೆ ಇದ್ದರೆ ಉಸಿರು ಬಿಡುವುದು. ಒಂದು ಇದ್ದರೆ, ಅದು ಸುಮ್ಮನೆ ಬೆರಳು ತಾಗಿದ್ದೋ, ನಿಜವಾಗಿ ಬೇಕಾಗಿದ್ದೋ ತಿಳಿಯದೆ ಆ ದಿನವೆಲ್ಲ ಕಳವಳ. ಯಾವ ಊರಿನವರು ಎಂದು ಅದು ಹೇಳುವುದಿಲ್ಲ. ಹೊಳಲ್ಕೆರೆ ಇರಬಹುದು, ಹಿರಿಯೂರಿರಬಹುದು. ಸವಿತಾಳಿಗೆ ಫೋನ್ ಮಾಡೋಣ ಎನ್ನಿಸುತ್ತಿತ್ತು. ಮಾಡಿ ಏನೆಂದು ಕೇಳುವುದು, ಇನ್ನೂ ಇದ್ದಾರಾ ಅಂತಲಾ?

ಒಂದು ಬೆಳಿಗ್ಗೆ ಆ ನಾಲ್ಕರಲ್ಲಿ ಮೊದಲನೆಯದನ್ನು ಯಾರೋ ಓದಿದ್ದರು. ಮತ್ತೆ ನೋಡಿದಾಗ ಎರಡನೆಯದನ್ನೂ. ಎರಡನೆಯದನ್ನು ಮತ್ತೆ ಮತ್ತೆ ತೆರೆದಿದ್ದರು. ಆ ದಿನ ನಾನೂ ಒಗ್ಗರಣೆ ಹಾಕಲಿಲ್ಲ. ಯಜಮಾನರು ಊಟಕ್ಕೆ ಕೂತು ಸಾರು ನೋಡಿದರು, ನನ್ನ ಮುಖ ನೋಡಿದರು, ಅನ್ನ ಕಲಸಿಕೊಂಡು ಉಂಡರು. ಎರಡು ದಿನ ಬಿಟ್ಟು ಹಾಲುತುಪ್ಪದ ಪುಟ. ಓದುತ್ತಿರುವವರು ದಾರಿ ತಪ್ಪಿ ಹೋಳಿಗೆಗೋ ಕೌದಿಗೋ ಹೋಗಿರಲಿಲ್ಲ. ಒಂದಾದ ಮೇಲೊಂದು, ಇಟ್ಟ ಹಾಗೇ.

ತಿಥಿಯೆಲ್ಲ ಮುಗಿದ ಮೇಲೆ ಸವಿತಾಳೇ ಫೋನ್ ಮಾಡಿದಳು. ಮಾತು ಗಟ್ಟಿಯಾಗಿತ್ತು.

"ಬಿಸ್ಲು ಏರ್ತೈತೆ, ಎತ್ರಿ ಎತ್ರಿ ಅಂದ್ರು ಆಂಟಿ ಎಲ್ರೂ. ನಾನು ಬಾಗ್ಲಾಗೆ ನಿಂತ್ಕಂಡು, ತವರಿನ ಸೀರೆ ಬರ್ಬೇಕು, ಮಾವ ದಾರೀಲವ್ರೆ ಅಂದೆ. ದೊಡ್ಡೋರೊಬ್ರು, ಈ ಹುಡುಗಿಗೆ ಯಾರು ಹೇಳ್ಕೊಟ್ರು ಅಂತ ಕೇಳಿದ್ರು. ನಮ್ಮತ್ತೆ ಅಂದೆ. ಸುಮ್ನಾದ್ರು."

"ಸೀರೆ ಬಂತಾ?"

"ಬಂತು. ಹಸಿರು ಸೀರೆ. ಅಂಚು ಚೆನ್ನಾಗಿತ್ತು."

ಅವಳೇ ಮುಂದುವರಿಸಿದಳು. "ಎಲ್ಲಾ ಸಿಕ್ತು ಆಂಟಿ, ಹುಡುಕ್ಬೇಕಾಗ್ಲಿಲ್ಲ. ನಿನ್ನೆ ನೆಂಟ್ರೆಲ್ಲ ಹೋದ್ರು. ಇವ್ರೂ ಡ್ಯೂಟಿಗೆ ಹೋದ್ರು. ಬೆಳಿಗ್ಗೆ ಎದ್ದು ತಿಥಿ ಪುಟ ತೆಗ್ದೆ. ಕೆಳಗೆ ಮುಂದೆ ಅಂತ ಇರ್ಲಿಲ್ಲ. ಮುಂದೆ ಏನ್ ಮಾಡ್ಬೇಕು?"

ನಿಜ, ಅಲ್ಲಿಗೆ ಶಾಸ್ತ್ರ ಮುಗಿಯುತ್ತದೆ ಎಂದು ನಾನು ಕೊಂಡಿ ಹಾಕಿರಲಿಲ್ಲ.

"ನಂಗೂ ಗೊತ್ತಿಲ್ಲ ಕಣಮ್ಮ. ಇವತ್ತು ನೀನು ಏನು ಮಾಡಿದೆಯೋ ಅದನ್ನೇ ಬರಿ. ಹಾಕೋಣ."

ಅವಳು ಬರೆಯುತ್ತಾಳೆ ಎಂದು ನಾನು ನಂಬಿರಲಿಲ್ಲ. ಕೆಲವು ದಿನಗಳಾದ ಮೇಲೆ ವಾಟ್ಸಾಪಿನಲ್ಲಿ ಬಂತು, ಚಿಕ್ಕ ಬರಹ. ಒಂದಕ್ಷರ ತಿದ್ದದೆ ಹಾಕಿದ್ದೇನೆ:

"ನಮ್ಮ ಅತ್ತೆಗೆ ಹಲ್ಲಿರಲಿಲ್ಲ. ಅವರ ಮುದ್ದೆ ಮೆತ್ತಗಿರಬೇಕು. ಹಾಗಾಗಿ ಮೊದಲು ಹಿಟ್ಟು ಕಡಿಮೆ ಹಾಕಿ ಅವರದನ್ನು ತೆಗೆದಿಟ್ಟು, ಆಮೇಲೆ ನಮಗೆ ಹಿಟ್ಟು ಸೇರಿಸಿ ಗಟ್ಟಿ ಮಾಡುತ್ತಿದ್ದೆ. ಈಗಲೂ ಕೈ ಎಸರು ಜಾಸ್ತಿ ಇಡುತ್ತದೆ. ಹಿಟ್ಟು ಹಾಕಿದ ಮೇಲೆ ನೆನಪಾಗುತ್ತದೆ. ಆಗ ಮೇಲಿನಿಂದ ಒಣ ಹಿಟ್ಟು ಸುರಿದರೆ ಗಂಟಾಗುತ್ತದೆ. ಸ್ವಲ್ಪ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹಾಕಿ, ಬಿಡದೆ ತಿರುವಿ. ಸರಿಹೋಗುತ್ತದೆ."

ಓದಿ ಕನ್ನಡಕ ತೆಗೆದು ಒರೆಸಿಕೊಂಡೆ. ಇದನ್ನು ಹೆಚ್ಚು ಕಮ್ಮಿ ಆದಾಗ ವಿಭಾಗಕ್ಕೆ ಐದನೆಯ ಪುಟವಾಗಿ ಸೇರಿಸುತ್ತೇನೆ ಎಂದು ಅವಳಿಗೆ ಹೇಳಿದೆ.

"ಬ್ಯಾಡ ಆಂಟಿ," ಅಂದಳು. "ಅದು ಮುಗೀತಲ್ಲ. ಇದು ದಿನಾ ಇರೋದು. ದಿನದ ಅಡುಗೆಗೆ ಹಾಕ್ರಿ."

ದಿನದ ಅಡುಗೆಗೇ ಹಾಕಿದೆ, ಉಪ್ಸಾರು ಮತ್ತು ಮುದ್ದೆಯ ನಡುವೆ. ಆಮೇಲೆ ತಿಥಿಯ ಪುಟಕ್ಕೆ ಹೋಗಿ, ತಳದಲ್ಲಿ "ಮುಂದೆ" ಎಂದು ಬರೆದು, ಇದಕ್ಕೆ ಕೊಂಡಿ ಹಾಕಿದೆ.